ಧನಕವಡಿಯ ಹಳ್ಳಕ್ಕೆ ಏಡಿ ತಂದದ್ದು

ಸೌದಾ ಇಷ್ಟೇ: ಶ್ರಾವಣ ಮುಗಿಯುವುದರೊಳಗೆ ನಮ್ಮ ಹೌಸಿಂಗ್ ಸೊಸೈಟಿಯ ಹಿಂದಿನ ಹಳ್ಳದಲ್ಲಿ ಜೀವಂತ ಏಡಿ ತೋರಿಸಬೇಕು. ತೋರಿಸಿದರೆ ಹಳ್ಳದ ಮೇಲೆ ಸಿಮೆಂಟಿನ ಸ್ಲ್ಯಾಬ್ ಬೀಳುವುದಿಲ್ಲ. ತೋರಿಸದಿದ್ದರೆ ಹಳ್ಳ ಪೈಪಿನೊಳಗೆ, ಪೈಪಿನ ಮೇಲೆ ಸ್ಲ್ಯಾಬು, ಸ್ಲ್ಯಾಬಿನ ಮೇಲೆ ಮಂದಿಯ ಕಾರುಗಳು.

ನಾನು ಬೆಲ್ಲದ ವ್ಯಾಪಾರಿ. ವಿಜಾಪುರದ ಕಡೆಯಿಂದ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನಲ್ಲಿ ಅಂಗಡಿ ಹಾಕಿ, ಧನಕವಡಿಯಲ್ಲಿ ಮನೆ, ಗೋಡೌನು ಮಾಡಿಕೊಂಡವನು. ಹುಟ್ಟಿದಾಗಿನಿಂದ ಇವತ್ತಿನ ತನಕ ತತ್ತಿ ಸಹ ಮುಟ್ಟಿದವನಲ್ಲ. ಅಂಥವನು ಒಂದು ಮಳೆಗಾಲ ಪೂರ್ತಿ ಏಡಿಗಳ ಹಿಂದೆ ಓಡಾಡಿದೆ ಎಂದರೆ ಅದು ಪ್ರಾಣಿದಯೆಯಿಂದ ಅಲ್ಲ. ನನ್ನ ಗೋಡೌನು ಅದೇ ಹಳ್ಳದ ದಂಡೆಗೆ ಇದೆ, ಸ್ಲ್ಯಾಬ್ ಹಾಕಬೇಕೆಂದಿದ್ದ ಜಾಗಕ್ಕಿಂತ ತುಸು ಮೇಲೆ. ಮಳೆ ಹತ್ತಿತೆಂದರೆ ಕಾತ್ರಜ್ ಗುಡ್ಡದ ನೀರೆಲ್ಲ ಅದರಲ್ಲೇ ಇಳಿದು ಬರುತ್ತದೆ. ಆ ನೀರನ್ನು ಪೈಪಿನೊಳಗೆ ತುರುಕಿದರೆ ಅದು ಹಿಂದಕ್ಕೆ ತಿರುಗಿ ಮೊದಲು ನುಗ್ಗುವುದು ನನ್ನ ಬೆಲ್ಲಕ್ಕೆ. ಗೋಡೌನಿನ ತುಂಬ ಪಾನಕ ಮಾಡಿಟ್ಟುಕೊಂಡು ನಾನು ಯಾರಿಗೆ ಹಂಚಲಿ?

ಇದನ್ನೆಲ್ಲ ಹೇಳಿದರೆ ಮಂದಿ ನಗುತ್ತಾರೆ. ಆಗ ನನಗೆ ನಗು ಬಂದಿರಲಿಲ್ಲ, ಈಗಲೂ ಪೂರ್ತಿ ಬಂದಿಲ್ಲ. ಊರು ಬೆಳೆಯುವಾಗ ಇಂಥವು ಆಗುತ್ತಲೇ ಇರುತ್ತವೆ. ಆಗುವಾಗ ನಡುವೆ ಸಿಗುವವನು ಮಾತ್ರ ಪ್ರತಿಸಲ ವ್ಯಾಪಾರಿಯೇ.

ಒಂದು ಹುಳ ತೋರಿಸಿ

ಸ್ಲ್ಯಾಬಿನ ವಿಚಾರ ಹುಟ್ಟಿದ್ದು ನಮ್ಮ ಸೊಸೈಟಿಯ ಛೇರ್ಮನ್ನರ ತಲೆಯಲ್ಲಿ. ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಗುಮಾಸ್ತರಾಗಿ ನಿವೃತ್ತರಾದ ಮರಾಠಿ ಗೃಹಸ್ಥರು. ಹಿಂಜವಾಡಿಯಲ್ಲಿ ಕಂಪ್ಯೂಟರ್ ಕಂಪನಿಗಳು ಆಗಷ್ಟೇ ತಲೆ ಎತ್ತುತ್ತಿದ್ದ ಕಾಲ ಅದು. ಇಡೀ ಪುಣೆಗೆ ಕಾರಿನ ಹುಚ್ಚು ಹಿಡಿದಿತ್ತು. ಕಾರಿಗೆ ಬ್ಯಾಂಕಿನವರು ಕರೆದು ಕರೆದು ಸಾಲ ಕೊಡುತ್ತಿದ್ದರು, ನಿಲ್ಲಿಸುವ ಜಾಗವನ್ನು ಮಾತ್ರ ಯಾರೂ ಕೊಡುತ್ತಿರಲಿಲ್ಲ. ಛೇರ್ಮನ್ನರೂ ಒಂದು ಬಿಳಿ ಕಾರು ತಂದು ಹಳ್ಳದ ದಂಡೆಯ ಮೇಲೆ ಕವರ್ ಹೊದಿಸಿ ನಿಲ್ಲಿಸಿದ್ದರು. ಅದನ್ನು ಓಡಿಸಿದ್ದನ್ನು ನಾನು ನೋಡಿದ್ದು ಕಡಿಮೆ, ಒರೆಸಿದ್ದನ್ನು ನೋಡಿದ್ದೇ ಹೆಚ್ಚು.

ಅವರ ಅರ್ಜಿಯ ಮೇಲೆ ವಾರ್ಡ್ ಆಫೀಸಿನಿಂದ ಎಂಜಿನಿಯರ್ ಸಾಹೇಬರು ಬಂದರು. ಸೊಸೈಟಿಯವರೆಲ್ಲ ಗಚ್ಚಿಯ ಮೇಲೆ ಸೇರಿದೆವು. ಸಾಹೇಬರು ಮೇಲಿನಿಂದಲೇ ಹಳ್ಳ ನೋಡಿ, "ಇದು ಹಳ್ಳ ಎಲ್ಲಿದೆ? ಗಟಾರು. ಹಳ್ಳ ಅಂದರೆ ಅದರಲ್ಲಿ ಒಂದು ಹುಳವಾದರೂ ಬದುಕಿರಬೇಕು," ಎಂದರು.

ಆಗ ಅಕ್ಕೋರು ಎದ್ದು ನಿಂತರು. ಬೆಳಗಾವಿಯವರು, ಶಾಲೆಯಲ್ಲಿ ಸೈನ್ಸ್ ಕಲಿಸಿ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಟೀಚರ ಬಾಯಿ ಎಂದು ಮರಾಠಿ ಮಂದಿ, ಅಕ್ಕೋರು ಎಂದು ನಾವು. ಎದುರಿಗೆ ಮಂತ್ರಿ ಬಂದರೂ ಅಕ್ಕೋರಿಗೆ ಅವನು ಹಿಂದಿನ ಬೆಂಚಿನ ಹುಡುಗನೇ.

"ನಾನು ಈ ಮನೆಗೆ ಬಂದಾಗ ಮಳೆಗಾಲದಲ್ಲಿ ಏಡಿಗಳು ಹಳ್ಳದಿಂದ ಎದ್ದು ನನ್ನ ಅಡಿಗೆಮನೆಗೆ ಬರುತ್ತಿದ್ದವು," ಎಂದರು ಸಾಹೇಬರಿಗೆ, ಒಳ್ಳೆಯ ಮರಾಠಿಯಲ್ಲಿ. "ಸಂಡಾಸದ ನೀರು ಬಿಟ್ಟು ಅವನ್ನು ಓಡಿಸಿದವರು ನಾವು. ಈಗ ಅದಕ್ಕೆ ಬೇರೆ ಪೈಪ್ ಹಾಕಿದ್ದೀರಿ, ನೀರು ತಿಳಿಯಾಗಿದೆ. ತಂದು ಬಿಟ್ಟರೆ ಬದುಕುತ್ತವೆ."

ಸಾಹೇಬರು ಕೈಗಡಿಯಾರ ನೋಡಿಕೊಂಡರು. "ತೋರಿಸಿ ಬಾಯಿ. ಶ್ರಾವಣ ಮುಗಿಯುವುದರೊಳಗೆ ಇಲ್ಲಿ ಒಂದು ಏಡಿ ತೋರಿಸಿ, ಸ್ಲ್ಯಾಬಿನ ಕಾಗದ ನಾನೇ ಹರಿದು ಹಾಕ್ತೇನೆ."

ಅವರು ಹೇಳಿದ್ದು ಚೇಷ್ಟೆಗೆ. ಆದರೆ ನಮ್ಮ ಯಾರ್ಡಿನಲ್ಲಿ ಹತ್ತು ಮಂದಿಯ ಎದುರು ಬಾಯಿಂದ ಬಿದ್ದ ಮಾತು ಎಂದರೆ ಸೌದಾ ಪಕ್ಕಾ. ನಾನು ಎದ್ದು, "ಠರಲಂ ಸಾಹೇಬ್, ಮಾತು ಪಕ್ಕಾ," ಎಂದು ಕೈ ಮುಂದೆ ಮಾಡಿದೆ. ಪಾಪ, ಅವರೂ ಕೈ ಕೊಟ್ಟುಬಿಟ್ಟರು.

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಒಲೆಯ ಮುಂದಿನಿಂದ ತಿರುಗಿ ಸಹ ನೋಡಲಿಲ್ಲ. "ಏಡಿ ಮುಟ್ಟಿದ ಕೈಲೆ ಪೂಜಾ ಮಾಡ್ತೀರೇನು?"

"ನಾ ಎಲ್ಲಿ ಮುಟ್ತೀನಿ? ಮುಟ್ಟೂದೆಲ್ಲಾ ಅಕ್ಕೋರು. ನಾ ಬರೇ ಟೆಂಪೋ ಕೊಡ್ತೀನಿ."

"ಹೋದ ವರ್ಷ ಗಣಪತಿಗೂ ಬರೇ ಟೆಂಪೋ ಕೊಡ್ತೀನಿ ಅಂದಿದ್ರಿ," ಎಂದಳು ಅವಳು. "ಕಡೀಕ ಮೂರು ದಿನ ನೀವ ಓಡಿಸಿದ್ರಿ."

ಜೀವಂತ ಮಾಲು

ಏಡಿ ಎಲ್ಲಿಂದಲೋ ತಂದರೆ ನಡೆಯುವುದಿಲ್ಲ, ಈ ಹಳ್ಳದ ನೀರು ಯಾವ ಗುಡ್ಡದಿಂದ ಬರುತ್ತದೋ ಅದೇ ಗುಡ್ಡದ ಏಡಿ ಬೇಕು ಎಂದರು ಅಕ್ಕೋರು. ಅದು ನನಗೂ ತಿಳಿಯುವ ಮಾತು, ಬೆಲ್ಲಕ್ಕೂ ಊರು ನೋಡಿಯೇ ಬೆಲೆ. ಮೊದಲ ಮಳೆ ಬಿದ್ದ ಮೇಲೆ ಇಬ್ಬರೂ ಕಾತ್ರಜ್ ಘಾಟಿಗೆ ಹೋದೆವು. ಅಲ್ಲಿ ರಸ್ತೆ ಬದಿಗೆ ಹೆಂಗಸರು ಬುಟ್ಟಿಯಲ್ಲಿ ಏಡಿ ಇಟ್ಟುಕೊಂಡು ಕೂತಿರುತ್ತಾರೆ.

ಏಡಿಯ ಧಾರಣಿ ನನಗೆ ಗೊತ್ತಿರಲಿಲ್ಲ. ಆದರೆ ಬೆಲೆ ಗೊತ್ತಿಲ್ಲದ ಮಾಲಿಗೂ ಚೌಕಾಸಿ ಮಾಡುವುದು ಗೊತ್ತಿತ್ತು. ಒಬ್ಬ ಮುದುಕಿಯ ಹತ್ತಿರ ಕೂತು ಹೇಳಿದ್ದರಲ್ಲಿ ಅರ್ಧಕ್ಕೆ ಇಳಿಸಿದೆ. "ನೋಡವ್ವ, ಒಂದೊಂದೂ ಜೀವಂತ ಇರಬೇಕು. ಸತ್ತದ್ದು ಒಂದು ಸಿಕ್ಕರೂ ತಿರುಗಿ ತರ್ತೀನಿ," ಎಂದು ಮರಾಠಿಯಲ್ಲಿ ತಾಕೀತು ಮಾಡಿದೆ.

"ಎಲ್ಲಾ ಜೀವಂತ, ಶೇಟ್. ಓಡಾಡ್ತವೆ ನೋಡು."

ಅಕ್ಕೋರು ಅತ್ತ ಇನ್ನೊಂದು ಬುಟ್ಟಿ ನೋಡುತ್ತಿದ್ದರು. ನಾನು ಗೆದ್ದ ಖುಷಿಯಲ್ಲಿ ಕಿಸೆಯಿಂದ ರುಮಾಲು ತೆಗೆದು ಮುಖ ಒರೆಸಿಕೊಂಡೆ. ಅಷ್ಟರಲ್ಲಿ ಮುದುಕಿ ಒಂದೊಂದನ್ನೇ ಎತ್ತಿ, ಲಟಕ್ ಲಟಕ್ ಎಂದು ಏನೋ ಮಾಡಿ ಚೀಲಕ್ಕೆ ಹಾಕುತ್ತಿದ್ದಳು. ನಾನು ಅಂದುಕೊಂಡೆ, ಕಟ್ಟುತ್ತಿದ್ದಾಳೆ ಎಂದು.

ಅಕ್ಕೋರು ಬಂದು ಚೀಲದಲ್ಲಿ ಇಣುಕಿದವರೇ ಹಣೆ ಬಡಿದುಕೊಂಡರು. "ಇದೇನ್ರಿ ಸಾವಕಾರ್ರ, ಎಲ್ಲಾವುದರದೂ ಕೊಂಡಿ ಮುರಿಸೀರಲ್ಲ."

ಮುದುಕಿಗೆ ನಮ್ಮ ಸಿಟ್ಟು ತಿಳಿಯಲೇ ಇಲ್ಲ. "ಮತ್ತೆ? ಸಾರು ಮಾಡುವಾಗ ಈ ಬಾಯಿಯವರ ಕೈ ಕಚ್ಚಿ ಹಿಡಿದರೆ? ನಾನು ಯಾವ ಗಿರಾಕಿಗೂ ಮುರಿಯದೆ ಕೊಡೋದಿಲ್ಲ. ಅದಕ್ಕೆ ಬೇರೆ ರೊಕ್ಕವಿಲ್ಲ, ಹೆದರಬೇಡ."

"ನಾವು ತಿನ್ನಾಕ ಒಯ್ಯೂದಿಲ್ಲವ್ವ, ಬಿಡಲಿಕ್ಕೆ. ಹಳ್ಳದಾಗ ಬಿಡಲಿಕ್ಕೆ," ಎಂದೆ. ಸಿಟ್ಟಿನಲ್ಲಿ ಮರಾಠಿ ಮರೆತು ಕನ್ನಡವೇ ಬಂದಿತ್ತು. ಅಕ್ಕೋರು ತಿರುಗಿಸಿ ಹೇಳಿದರು.

ಅವಳು ನನ್ನನ್ನು ಟೊಪ್ಪಿಗೆಯಿಂದ ಚಪ್ಪಲಿಯ ತನಕ ನೋಡಿದಳು. ಆಮೇಲೆ ಪಕ್ಕದವಳನ್ನು ಕರೆದಳು. "ಇಲ್ಲಿ ಬಾರೇ, ಶೇಟ್ ಏಡಿ ಸಾಕ್ತಾನಂತೆ."

ನಾಲ್ಕು ಹೆಂಗಸರು ಸೇರಿದರು. ನಕ್ಕು ಮುಗಿದ ಮೇಲೆ ಮುದುಕಿಗೇ ಕನಿಕರ ಬಂತು. "ಇವು ಸಾಕಲಿಕ್ಕೆ ಬರಲ್ಲ, ತಿನ್ನಲಿಕ್ಕೆ ನಿನಗೆ ಬರಲ್ಲ. ತಾ ಇತ್ತ, ನಾನೇ ತಗೋತೇನೆ. ಆದರೆ ಮುರಿದ ಮಾಲು, ಅರ್ಧ ಬೆಲೆ."

ಅಂಗಡಿಯ ಗಾದಿಯ ಮೇಲೆ ಅಷ್ಟು ವರ್ಷ ಕೂತವನು ನಾನು. ಕೊಂಡ ಮಾಲನ್ನು ಕೊಂಡ ಜಾಗದಲ್ಲೇ, ಮಾರಿದವಳಿಗೇ, ಅವಳೇ ಮುರಿದಿದ್ದಕ್ಕೆ ಅರ್ಧ ಬೆಲೆಗೆ ಕೊಟ್ಟು ಬಂದದ್ದು ಅದೊಂದೇ ಸಲ.

ಬಾರದಾನ

ಎರಡನೆಯ ಸಲ ಕೊಂಡಿ ಸಮೇತ ಸಿಕ್ಕವು. ಅಕ್ಕೋರು ಹೊಟ್ಟೆ ತಿರುಗಿಸಿ ನೋಡಿ, ಗಂಡೆಷ್ಟು ಹೆಣ್ಣೆಷ್ಟು ಎಂದು ಆರಿಸಿದರು. ನನ್ನ ಬೆಲ್ಲದ ಟೆಂಪೋ ಕೊಲ್ಲಾಪುರದಿಂದ ಅದೇ ಘಾಟಿ ಇಳಿದು ಬರುತ್ತದೆ. ಹಸಿ ಹುಲ್ಲು ಹಾಸಿದ ಬುಟ್ಟಿಯನ್ನು ಬೆಲ್ಲದ ಪಕ್ಕದಲ್ಲೇ ಇಡಿಸಿದೆ. ಬೇರೆ ಗಾಡಿ ಮಾಡಿದ್ದರೆ ಬಾಡಿಗೆ ಕೊಡಬೇಕಿತ್ತು. ಧನಕವಡಿಯಲ್ಲಿ ಬುಟ್ಟಿ ಇಳಿಸಿ, ಮುಂಜಾನೆ ಟೆಂಪೋ ಯಾರ್ಡಿಗೆ ಹೋಯಿತು.

ಹೊತ್ತೇರುವ ಹೊತ್ತಿಗೆ ಮಿಠಾಯಿ ಅಂಗಡಿಯವನೊಬ್ಬ ಬಂದ, ನನ್ನ ಹಳೆಯ ಗಿರಾಕಿ. ಅವನ ಮಾಲು ತೂಗಿ ಆಗಿತ್ತು. ಗುಣ ನೋಡಲೆಂದು ಒಂದು ಚೀಲದ ಬಾಯಿ ಬಿಚ್ಚಿದ. ಬೆಲ್ಲದ ಬೆಂಟೆಯ ಮೇಲೆ ಒಂದು ಏಡಿ, ಎರಡೂ ಕೊಂಡಿ ಎತ್ತಿ ಕೂತಿತ್ತು. ನನ್ನ ಹಮಾಲರು, ಕ್ವಿಂಟಲ್ ಚೀಲ ಬೆನ್ನ ಮೇಲೆ ಹೊರುವ ಗಂಡಾಳುಗಳು, ಮೂವರೂ ಪೇರಿಸಿಟ್ಟ ಚೀಲಗಳ ಥಪ್ಪಿ ಹತ್ತಿ ಮೇಲೆ ನಿಂತುಬಿಟ್ಟರು.

ಮಿಠಾಯಿ ಅಂಗಡಿಯವನು ಉಳ್ಳಾಗಡ್ಡಿ ಸಹ ಮನೆಯೊಳಗೆ ತರದ ಮನುಷ್ಯ. ಈ ಗಿರಾಕಿ ಹೋದ, ಅವನ ಬಳಗವೆಲ್ಲ ಹೋಯಿತು ಎಂದುಕೊಂಡು, "ಮಾಫ್ ಮಾಡ್ರಿ, ಪೂರಾ ಚೀಲ ಬದಲಿ ಕೊಡ್ತೀನಿ," ಎಂದೆ.

ಅವನು ಏಡಿಯನ್ನೇ ನೋಡುತ್ತಿದ್ದ. ಮುಖದಲ್ಲಿ ಸಿಟ್ಟೂ ಇಲ್ಲ, ಅಸಹ್ಯವೂ ಇಲ್ಲ. "ಬದಲಿ ಬ್ಯಾಡ. ಆದ್ರ ಶೇಟ್, ಇದನ್ನ ಕೂಡ್ಸಿ ತೂಗೀರಲ್ಲ?"

"ತೂಗಿರಬೇಕು."

"ಹಂಗಾರ ಬಾರದಾನ ಕಳ್ದಂಗ ಇದನ್ನೂ ಕಳೀರಿ."

ಚೀಲದ ತೂಕಕ್ಕೆ ನಾವು ಬಾರದಾನ ಎನ್ನುತ್ತೇವೆ. ಒಟ್ಟು ತೂಕದಲ್ಲಿ ಅದನ್ನು ಕಳೆದು ಉಳಿದದ್ದಕ್ಕೆ ದುಡ್ಡು. ಏಡಿಯ ಬಾರದಾನ ಕಳೆದದ್ದನ್ನು ನಾನು ಕೇಳಿರಲಿಲ್ಲ. ಎಷ್ಟಾದೀತು, ಹಿಡಿಯಷ್ಟು ಏಡಿ, ಅಂದಾಜಿನಿಂದ ಬಿಡುತ್ತೇನೆ ಎಂದೆ. ಅಂದಾಜು ಬೇಡ, ತೂಗಿರಿ ಎಂದ ಅವನು. ಅದನ್ನು ತಕ್ಕಡಿಗೆ ಹಾಕುವುದು, ಅದು ಅಡ್ಡ ನಡೆದು ಕೆಳಗಿಳಿಯುವುದು, ಮತ್ತೆ ಹಾಕುವುದು. ಕಡೆಗೆ ಅದರ ಮೇಲೆ ಡಬ್ಬಿ ಬೋರಲು ಹಾಕಿ ತೂಗಿದೆವು. ಆಗ ಅವನು, ಡಬ್ಬಿಯ ಬಾರದಾನ ಬೇರೆ ಹಿಡಿಯಿರಿ ಎಂದ. ನಿಮಗೇ ನುಕಸಾನಿ ಆದೀತು ಎಂದು ಬುದ್ಧಿ ಬೇರೆ ಹೇಳಿದ.

ಸುದ್ದಿ ಯಾರ್ಡಿನ ತುಂಬ ಹಬ್ಬಿತು. ನನ್ನ ಅಂಗಡಿಯಲ್ಲಿ ಸಿಕ್ಕದ್ದು ಒಂದೇ ಏಡಿ. ಆ ವಾರ ಬಂದ ಗಿರಾಕಿಗಳೆಲ್ಲ ಅದರ ಬಾರದಾನ ಕಳೆಸಿಕೊಂಡೇ ಹೋದರು.

ವಿಸರ್ಜನೆ

ಏಡಿಗಳನ್ನು ಬಿಡುವ ದಿನ ಅಕ್ಕೋರಿಗೆ ಜ್ವರ. "ನಾ ಬರೂತನಕಾ ಬುಟ್ಟಿ ನೆರಳಾಗ ಇರ್ಲಿ, ಯಾರೂ ಮುಟ್ಟಬ್ಯಾಡ್ರಿ," ಎಂದು ನನಗೆ ಹೇಳಿ ಡಾಕ್ಟರರ ಹತ್ತಿರ ಹೋದರು. ನಾನು ಒಂದು ಫೋನ್ ಬಂತೆಂದು ಗೋಡೌನಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಸೊಸೈಟಿಯ ಹಿರಿಯರೆಲ್ಲ ಸೇರಿಬಿಟ್ಟಿದ್ದರು. ಒಳ್ಳೆಯ ಕೆಲಸಕ್ಕೆ ತಡವೇಕೆ, ರಾಹುಕಾಲ ಬರುತ್ತದೆ ಎಂದು ಯಾರೋ ಅಂದರಂತೆ.

ಈಗ ಪುಣೆಯ ಮನುಷ್ಯನ ಕೈಗೆ ಏನಾದರೂ ಕೊಟ್ಟು ನೀರಿಗೆ ಬಿಡು ಎಂದರೆ ಅವನಿಗೆ ಗೊತ್ತಿರುವ ರೀತಿ ಒಂದೇ. ಬುಟ್ಟಿಗೆ ಕುಂಕುಮ ಹಚ್ಚಿದ್ದರು. ಬುಟ್ಟಿ ಒಂದು ಮಣೆಯ ಮೇಲೆ ಇತ್ತು. ಆರತಿ ಆಗಿತ್ತು. ಇಬ್ಬರು ಪೈಜಾಮ ಮೇಲೇರಿಸಿ, ನಡು ಹಳ್ಳಕ್ಕೆ ಇಳಿದು, ಮೊಣಕಾಲು ಮೀರಿ ನೀರು ಜೋರಾಗಿ ಹರಿಯುವ ಕಡೆ ನಿಂತಿದ್ದರು. ಬುಟ್ಟಿಯನ್ನು ಒಂದು ಸಲ ಮುಳುಗಿಸಿ ಎತ್ತಿದರು. ಎರಡನೆಯ ಸಲ ಮುಳುಗಿಸಿ ಎತ್ತಿದರು. ದಂಡೆಯ ಮೇಲಿನವರು ತಾಳ ಬಡಿದು "ಮೋರಯಾ" ಎನ್ನುತ್ತಿದ್ದರು. ನಾನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಮೂರನೆಯ ಸಲ ಮುಳುಗಿಸಿ ಕೈಬಿಟ್ಟರು. ಅಷ್ಟೂ ಏಡಿಗಳು ಸೆಳವಿಗೆ ಸಿಕ್ಕು, ಬುಟ್ಟಿ ಸಮೇತ, ಛೇರ್ಮನ್ನರ ಕಾರು ದಾಟಿ, ತಿರುವಿನಲ್ಲಿ ಕಾಣೆಯಾದವು. ಮಂದಿ ಕೈ ಮುಗಿದು, ಮುಂದಿನ ವರ್ಷ ಬೇಗ ಬನ್ನಿ ಎಂದು ಬೀಳ್ಕೊಟ್ಟರು.

ಎಲ್ಲರಿಗಿಂತ ಗಟ್ಟಿ ಧ್ವನಿ ಛೇರ್ಮನ್ನರದಿತ್ತು.

ಅಕ್ಕೋರು ಔಷಧದ ಬಾಟಲಿ ಹಿಡಿದು ಬಂದಾಗ ಪ್ರಸಾದ ಹಂಚುತ್ತಿದ್ದರು. ಅಕ್ಕೋರ ಕೈಗೂ ಒಂದು ಪೇಢೆ ಬಂತು. ಕಲ್ಲಿನ ಸಂದಿಯಲ್ಲಿ, ದಂಡೆಯ ಕೆಸರಿನಲ್ಲಿ, ಒಂದೊಂದಾಗಿ ಬಿಡಬೇಕಿತ್ತು ಎಂದು ಆ ಜ್ವರದಲ್ಲೇ ಅರ್ಧ ತಾಸು ಪಾಠ ಮಾಡಿದರು. ನೀರಿಗಿಳಿದ ಇಬ್ಬರಲ್ಲಿ ಹಿರಿಯರು ಮುಖ ಸಪ್ಪೆ ಮಾಡಿ, "ಬಾಯಿ, ನಾವು ಎಲ್ಲ ವಿಧಿಪೂರ್ವಕ ಮಾಡಿದ್ದೇವೆ," ಎಂದರು.

"ಅದ ಆಗಿದ್ದು ಸಾವಕಾರ್ರ," ಎಂದರು ಅಕ್ಕೋರು ನನ್ನ ಕಡೆ ತಿರುಗಿ. "ಇವ್ರಿಗೆ ಬರೂ ವರ್ಷ ಬರೂ ದೇವ್ರು ಗೊತ್ತದ. ನಾಳೆ ಇಲ್ಲೇ ಇರಬೇಕಾದ ಪ್ರಾಣಿ ಗೊತ್ತಿಲ್ಲ."

ಹೋಟೆಲಿನ ಗಿರಾಕಿಗಳು

ತಿರುವಿನ ಕೆಳಗೆ ಕುಂದಾಪುರದವರದೊಂದು ಹೋಟೆಲು ಇದೆ. ಮುಂದೆ ಇಡ್ಲಿ ವಡೆ, ಒಳಗಿನ ಕೋಣೆಯಲ್ಲಿ ಮೀನಿನ ಊಟ. ವಿಸರ್ಜನೆಯಾಗಿ ನಾಲ್ಕು ದಿನಕ್ಕೆ ಅವರ ಬಾಗಿಲಿನ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿತ್ತು: ಇಂದಿನ ವಿಶೇಷ, ಏಡಿ ಸುಕ್ಕ. ಹಲಗೆಯನ್ನು ಮೊದಲು ನೋಡಿದವರು ಛೇರ್ಮನ್ನರು. ಸಂಜೆಯ ಹೊತ್ತಿಗೆ ಇಡೀ ಸೊಸೈಟಿಗೆ ಅವರೇ ತಿಳಿಸಿದರು, ಬಹಳ ದುಃಖದಿಂದ.

ನಾನೂ ಅಕ್ಕೋರೂ ಹೋಗಿ ಕೇಳಿದೆವು. ಗಲ್ಲಾದ ಮೇಲೆ ಕೂತಿದ್ದ ಮಾಲೀಕರು ನೋಟು ಎಣಿಸುವುದು ನಿಲ್ಲಿಸಿದರು. ಹೋಟೆಲಿನವನು ನೋಟು ಎಣಿಸುವುದು ನಿಲ್ಲಿಸಿದನೆಂದರೆ ಮಾತು ನಟ್ಟಿದೆ ಎಂದೇ ಅರ್ಥ.

"ಎಂತ ಮಾತು ಆಡ್ತೀರಿ ಮಾರಾಯ್ರೆ? ನಾನು ನಿಮ್ಮ ಗಟಾರದ ಏಡಿ ತಂದು ಗಿರಾಕಿಗೆ ಹಾಕುದಾ? ಬನ್ನಿ ಒಳಗೆ, ನೋಡಿ."

ಒಳಗೆ ಐಸಿನ ಪೆಟ್ಟಿಗೆ ತೆರೆದರು. ಊಟದ ತಾಟಿನಷ್ಟು ದೊಡ್ಡ ಸಮುದ್ರದ ಏಡಿಗಳು. "ಇದು ಏಡಿ. ನಿಮ್ಮದು ಜಿರಳೆಗೆ ಅಣ್ಣ."

ಅಕ್ಕೋರ ಮುಖ ಕೆಂಪಾಯಿತು. "ಗಟಾರ ಅನ್ನಬ್ಯಾಡ್ರಿ. ಗಟಾರ ಅಂದ್ರ ಸ್ಲ್ಯಾಬ್ ಬೀಳ್ತದ, ಪೈಪಿನ ಬಾಯಿಂದ ರಭಸಕ್ಕ ಬರೂ ನೀರು ನಿಮ್ಮ ಹೋಟೆಲ್ಲಿಗೂ ನುಗ್ತದ."

"ಹೌದಾ? ಹಾಗಾದ್ರೆ ಹಳ್ಳ," ಎಂದರು ಮಾಲೀಕರು ತಕ್ಷಣ. ವ್ಯಾಪಾರಸ್ಥರು, ತಿಳಿಯಿತು. "ನಿಮ್ಮ ಹಳ್ಳದ ಏಡಿ ತೋರಿಸ್ತೇನೆ, ಬನ್ನಿ. ನನಗೂ ಸಾಕಾಗಿದೆ."

ಹಿತ್ತಲಲ್ಲಿ ಪಾತ್ರೆ ತೊಳೆಯುವ ಕಟ್ಟೆಯ ಕೆಳಗೆ, ಅನ್ನದ ಅಗುಳು, ತೆಂಗಿನ ತುರಿ ಬೀಳುವ ಕಡೆ, ನಮ್ಮ ಏಡಿಗಳು ಸಾಲಾಗಿ ಕೂತಿದ್ದವು. ತಂದಾಗಿನದಕ್ಕಿಂತ ದುಂಡಗಾಗಿದ್ದವು. ಒಂದರ ಬೆನ್ನ ಮೇಲೆ ಇನ್ನೂ ತುಸು ಕುಂಕುಮ ಇತ್ತು.

"ಪಾತ್ರೆ ತೊಳೆಯುವವ ಕೆಲಸ ಬಿಡ್ತೇನೆ ಅಂತಿದ್ದಾನೆ. ತಕೊಂಡು ಹೋಗಿ ಮಾರಾಯ್ರೆ."

ಅವರದೇ ಇಡ್ಲಿ ಹಿಟ್ಟಿನ ಬಕೆಟ್ಟಿನಲ್ಲಿ ಹಾಕಿಕೊಂಡು ಬಂದು, ಅಕ್ಕೋರು ತಾವೇ ಸೊಸೈಟಿಯ ಹಿಂದೆ ಕಲ್ಲಿನ ಸಂದಿಯಲ್ಲಿ ಒಂದೊಂದಾಗಿ ಬಿಟ್ಟರು. ಎರಡು ದಿನಕ್ಕೆ ಅರ್ಧ ಏಡಿಗಳು ತಿರುಗಿ ಹೋಟೆಲಿಗೆ. ಮತ್ತೆ ತಂದೆವು. ಮತ್ತೆ ಹೋದವು. ಮೂರನೆಯ ಸಲ ಬಕೆಟ್ಟು ಕೇಳಲು ಹೋದಾಗ ನನಗೆ ತಾಳ್ಮೆ ಕೆಟ್ಟು, "ಏನ್ ಹಾಕ್ತೀರಪಾ ಅವಕ್ಕ? ನಮ್ಮ ಕಡೆ ಯಾಕ ನಿಲ್ಲವಲ್ವು?" ಎಂದೆ.

"ಇಲ್ಲಿ ಅನ್ನ ಸಿಗ್ತದೆ, ಕಾಯಿ ಸಿಗ್ತದೆ," ಎಂದರು ಅವರು ಗಲ್ಲಾದಿಂದ ಕಣ್ಣೆತ್ತದೆ. "ನಿಮ್ಮ ಸೊಸೈಟಿಯಲ್ಲಿ ಎಂತ ಸಿಗ್ತದೆ? ಮೀಟಿಂಗು."

ನೈವೇದ್ಯ

ಏಡಿ ನಿಲ್ಲದಿರುವುದಕ್ಕೆ ಹಸಿವೇ ಕಾರಣ ಎಂದು ಸೊಸೈಟಿಯಲ್ಲಿ ಸುದ್ದಿಯಾಯಿತು. ಈ ಮಂದಿಯ ಕಥೆ ಕೇಳಿ. ಹಳ್ಳಕ್ಕೆ ಕಸ ಎಸೆಯಬೇಡಿ ಎಂದು ಅಕ್ಕೋರು ಎಷ್ಟೋ ವರ್ಷ ಬಾಯಿ ಬಡಿದು ಬಡಿದು, ಅಂತೂ ಆ ಬೇಸಿಗೆಯಲ್ಲಿ ನಿಲ್ಲಿಸಿದ್ದರು. ನಾವೆಲ್ಲ ಸೇರಿ ಪ್ಲಾಸ್ಟಿಕ್ಕು ತೆಗೆದು ಹಳ್ಳ ಬಳಿದು ಸ್ವಚ್ಛ ಮಾಡಿದ್ದೆವು. ಈಗ ಮೇಲಿನ ಬಾಲ್ಕನಿಗಳಿಂದ ಮತ್ತೆ ಚೀಲ ಬೀಳತೊಡಗಿದವು. ಸೋಮವಾರ ಸಾಬುದಾಣಿ ಖಿಚಡಿ. ಏಕಾದಶಿಗೆ ಉಪವಾಸದ ವರೈ ಅನ್ನ. ಉಳಿದ ದಿನ ಹಳಸಿದ ಪೋಹೆ, ಚಪಾತಿ, ಬಾಡಿದ ಹೂವು. ಚೀಲದ ಗಂಟು ಸಹ ಬಿಚ್ಚುತ್ತಿರಲಿಲ್ಲ. ಏಡಿಯ ಕೈಯಲ್ಲಿ ಕತ್ತರಿ ಇದೆಯಲ್ಲ ಎಂದಿರಬೇಕು.

ಒಂದು ಚೀಲ ನೇರ ನನ್ನ ಹೆಗಲ ಮೇಲೆ ಬಿತ್ತು. ಮೇಲೆ ನೋಡಿದೆ. ಮೂರನೆಯ ಮಾಳಿಗೆಯ ಬಾಲ್ಕನಿಯಲ್ಲಿ ಒಬ್ಬ ಹೆಂಗಸು, ನಮ್ಮವರೇ, ಸೋಲಾಪುರದ ಕಡೆಯವರು.

"ಏನ್ರಿ ಇದು, ಕಸಾ ಚೆಲ್ಲಬ್ಯಾಡ್ರಿ ಅಂತ ಎಷ್ಟ ಸಲ ಹೇಳೂದು?"

"ಕಸಾ ಅಲ್ರಿ ಅಣ್ಣಾರ, ಏಡಿಗೆ ಊಟ."

"ಮೊದಲ ಚೆಲ್ತಿದ್ದುದೂ ಇದ ಅಲ್ಲೇನ್ರಿ? ಅದ ಚೀಲ, ಅದ ಅನ್ನ."

ಆ ಹೆಂಗಸು ಬಾಲ್ಕನಿಯ ಕಟಾಂಜನಕ್ಕೆ ಒರಗಿ ನಿಧಾನಕ್ಕೆ ಹೇಳಿದಳು. "ಮೊದಲ ಕಸಾ ಅಂತ ಒಗದ್ರ ಬೈದ್ರಿ. ಈಗ ಪುಣ್ಯೇದ ಅಂತ ಒಗದ್ರೂ ಬೈತೀರಿ. ನಿಮ್ಮ ತಂಟೆ ಕಸಾದ್ದಲ್ರಿ ಅಣ್ಣಾರ, ನಿಮ್ಮ ಸ್ವಭಾವದ್ದು."

ನನ್ನ ಹೆಂಡತಿ ಪಕ್ಕದ ಬಾಲ್ಕನಿಯಲ್ಲಿ ಅರಿವೆ ಒಣಹಾಕುತ್ತಿದ್ದಳು. ಅವಳಾದರೂ ನನ್ನ ಪರ ಎರಡು ಮಾತು ಆಡಬಹುದಿತ್ತು. ಆ ಹೆಂಗಸಿನ ಕಡೆ ನೋಡಿ, "ಮನ್ಯಾಗೂ ಹಿಂಗ ಬಿಡ್ರಿ," ಎಂದಳು.

ಸಾಹೇಬರು ಬಂದರು

ಸಾಹೇಬರು ಬಂದದ್ದು ಶ್ರಾವಣದ ಕೊನೆಯ ಸೋಮವಾರ, ನಡು ಮಧ್ಯಾಹ್ನ. ಹಿಂದಿನ ದಿನ ಜಡಿ ಮಳೆ, ಆವತ್ತು ಚೊಕ್ಕ ಬಿಸಿಲು. ಏಡಿ ಸೂರ್ಯ ಮುಳುಗಿದ ಮೇಲೆ ಹೊರಬೀಳುವ ಪ್ರಾಣಿ. ಆಫೀಸು ಸೂರ್ಯ ಮುಳುಗುವ ಮೊದಲೇ ಮುಚ್ಚುತ್ತದೆ. ಈ ಸೌದಾದಲ್ಲಿ ಅದೊಂದನ್ನು ನಾನು ವಿಚಾರ ಮಾಡಿರಲಿಲ್ಲ.

ಅಷ್ಟು ಹೊತ್ತಿಗೆ ಏಡಿಗಳೇನೋ ನಮ್ಮ ಕಡೆಯೇ ನಿಂತಿದ್ದವು. ಶ್ರಾವಣವೆಂದು ಹೋಟೆಲಿನ ಒಳಕೋಣೆ ಮುಚ್ಚಿ, ಅಲ್ಲಿ ಬೀಳುವ ಅನ್ನ ಕಡಿಮೆಯಾಗಿತ್ತು. ಆದರೆ ಕಲ್ಲು ಎತ್ತಿ ನೋಡಿದರೆ ಬರೀ ಬಿಲ. ಒಣ ಮೀನಿನ ತುಣುಕು ದಾರಕ್ಕೆ ಕಟ್ಟಿ ಬಿಟ್ಟರೆ ವಾಸನೆಗೆ ಬರುತ್ತವೆ ಎಂದರು ಅಕ್ಕೋರು. ಛೇರ್ಮನ್ನರು ತಕ್ಷಣ ಎದ್ದು, "ಶ್ರಾವಣ ಸೋಮವಾರ ಕಂಪೌಂಡಿನೊಳಗೆ ಒಣ ಮೀನು? ಅದು ಸಾಧ್ಯವಿಲ್ಲ," ಎಂದರು. ಆ ಮಾತಿಗೆ ಸೊಸೈಟಿಯೇ ಹೌದೆಂದಿತು. ನನ್ನ ಸ್ಥಿತಿ ನೋಡಿ, ನಾನೂ ಹೌದೆನ್ನಬೇಕಾಯಿತು.

ಅಕ್ಕೋರು ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ ಕೂತು ಬಿಲಗಳಿಗೆ ಕಡ್ಡಿ ಹಾಕುತ್ತಿದ್ದರು. ಸಾಹೇಬರು ಗಡಿಯಾರ ನೋಡುತ್ತಿದ್ದರು. ನನಗೆ ಕಣ್ಣ ಮುಂದೆ ಗೋಡೌನು ಕರಗುವುದು ಕಾಣುತ್ತಿತ್ತು.

"ಆಯಿತಲ್ಲ ಸಾಹೇಬ," ಎಂದರು ಛೇರ್ಮನ್ನರು. "ಏಡಿಯೂ ಇಲ್ಲ, ಏನೂ ಇಲ್ಲ. ಈಗ ನನ್ನ ಗಾಡಿಯ ಅವಸ್ಥೆ ನೋಡಿ, ಕೆಸರಿನಲ್ಲಿ ನಿಂತು ಹೇಗೆ ತುಕ್ಕು ಹಿಡಿಯುತ್ತಿದೆ."

ಕವರ್ ಬಿಚ್ಚಲೆಂದು ಬಗ್ಗಿ, ಮುಂದಿನ ಚಕ್ರದ ಒಳಗೆ ಕೈ ಹಾಕಿ ಗಂಟು ಹುಡುಕಿದರು. ಹಿಂದಿನ ದಿನದ ಮಳೆಗೆ ಬಿಲದಲ್ಲಿ ನೀರು ತುಂಬಿದಾಗ ಏಡಿಗಳು ಎಲ್ಲಿಗೆ ಹೋಗಿದ್ದವೆಂದು ಆಗ ಗೊತ್ತಾಯಿತು. ಛೇರ್ಮನ್ನರು ಒಂದು ಸಲ ಪೂರ್ತಿ ನೆಟ್ಟಗೆ ನಿಂತರು. ಬಲಗೈ ತೋರುಬೆರಳಿಗೆ ಒಂದು ದೊಡ್ಡ ಏಡಿ ಜೋತಾಡುತ್ತಿತ್ತು. "ಖೇಕಡಾ, ಖೇಕಡಾ," ಎಂದು ಮರಾಠಿಯಲ್ಲಿ ಏಡಿಯ ಹೆಸರು ಹಿಡಿದು ಅವರು ಅರಚಿದ್ದು ಹೋಟೆಲಿನ ತನಕ ಕೇಳಿಸಿತಂತೆ.

ಅಕ್ಕೋರು ಕೆಸರಿನಿಂದ ಎದ್ದು ಓಡಿ ಬಂದರು. ಛೇರ್ಮನ್ನರಿಗೆ ಸಮಾಧಾನ ಹೇಳಲಿಕ್ಕೆಂದು ಎಲ್ಲರೂ ತಿಳಿದೆವು. ಅಕ್ಕೋರು ಅವರ ಮುಂಗೈ ಗಟ್ಟಿ ಹಿಡಿದು, "ಝಾಡಿಸಬೇಡಿ, ಅಲುಗಬೇಡಿ. ಹೆಣ್ಣು ಇದು, ಹೊಟ್ಟೆಯಲ್ಲಿ ಮರಿಗಳಿವೆ," ಎಂದರು.

"ಬಾಯಿ, ನನ್ನ ಬೆರಳು," ಎಂದರು ಛೇರ್ಮನ್ನರು.

"ಬೆರಳು ಎಲ್ಲಿ ಹೋಗ್ತದೆ? ನಿಂತಿರಿ."

ಸಾಹೇಬರು ಬಗ್ಗಿ ನೋಡಿದರು. ಏಡಿಯ ಹೊಟ್ಟೆಯ ಮಡಿಕೆಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಮರಿಗಳು, ಲೆಕ್ಕವಿಲ್ಲದಷ್ಟು, ಗಿಜಿಗಿಜಿ ಎನ್ನುತ್ತಿದ್ದವು. ಅವರು ಅಂಥದ್ದು ಕಂಡಿರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅಷ್ಟು ಹೊತ್ತೂ ಛೇರ್ಮನ್ನರು ಕೈ ಚಾಚಿಕೊಂಡೇ ನಿಂತಿದ್ದರು.

ಏಡಿ ಬಿಟ್ಟ ಮೇಲೆ, ಬೆರಳು ನೀರಿನ ಲೋಟದಲ್ಲಿ ಅದ್ದಿಕೊಂಡು ಛೇರ್ಮನ್ನರು ತಕರಾರು ತೆಗೆದರು. "ಇದು ಲೆಕ್ಕಕ್ಕೆ ಬರುವುದಿಲ್ಲ. ಏಡಿ ಸಿಕ್ಕದ್ದು ನನ್ನ ಕಾರಿನಲ್ಲಿ, ನೀರಿನಲ್ಲಲ್ಲ."

"ಕಾರಿಗೆ ಎಲ್ಲಿಂದ ಬಂತು, ಕಾಕಾ?" ಎಂದು ಕೇಳಿದರು ಸಾಹೇಬರು.

ಛೇರ್ಮನ್ನರು ಡಿಪೋದಲ್ಲಿ ಲೆಕ್ಕ ಬರೆದ ಪ್ರಾಮಾಣಿಕ ಮನುಷ್ಯ. ಸುಳ್ಳು ಬರಲಿಲ್ಲ. ಎಡಗೈಯಿಂದ ಹಳ್ಳ ತೋರಿಸಿದರು.

ಸಾಹೇಬರು ಕೊಟ್ಟ ಮಾತಿಗೆ ನಿಲ್ಲುವ ಮನುಷ್ಯ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅಲ್ಲೇ ಕಾಗದದ ಮೇಲೆ ಬರೆದರು: ಇದು ಗಟಾರವಲ್ಲ, ನೈಸರ್ಗಿಕ ಹಳ್ಳ, ಜೀವಿಗಳಿವೆ, ಸ್ಲ್ಯಾಬ್ ರದ್ದು. ನಾನು ಪೇಢೆ ತರಿಸಲು ಕಿಸೆಗೆ ಕೈ ಹಾಕಿದೆ.

"ನಿಲ್ಲಿ ಶೇಟ್," ಎಂದರು ಸಾಹೇಬರು. "ಗಟಾರಕ್ಕೆ ದಂಡೆ ಬೇಕಿಲ್ಲ. ಹಳ್ಳ ಅಂದ ಮೇಲೆ ದಂಡೆ ಬಿಡಬೇಕು, ಅದರ ಮೇಲೆ ಏನೂ ಕಟ್ಟಿರಬಾರದು. ಅದು, ಆ ತಗಡಿನ ಶೆಡ್ಡು, ಯಾರದು?"

ಗೋಡೌನಿನ ಹಿಂಬದಿಗೆ, ಹಳ್ಳದ ಕಡೆ, ಖಾಲಿ ಚೀಲ ಇಡಲಿಕ್ಕೆ ನಾನೊಂದು ಶೆಡ್ಡು ಇಳಿಸಿಕೊಂಡಿದ್ದೆ. ಗಟಾರದ ಪಕ್ಕದ ಜಾಗ, ಯಾರಿಗೂ ಬೇಡದ್ದು, ಯಾರೂ ಕೇಳಿರಲಿಲ್ಲ. ಛೇರ್ಮನ್ನರು ಲೋಟದಿಂದ ಬೆರಳು ತೆಗೆದು ಅದೇ ಬೆರಳಿನಿಂದ ನನ್ನನ್ನು ತೋರಿಸಿದರು.

"ಸಾಹೇಬ, ಅದರ ಬುಡಕ್ಕೇ ಏಡಿಗಳು ಇರೋದು," ಎಂದೆ ನಾನು. "ನೆರಳು ಬೇಕಲ್ಲ ಅವಕ್ಕೆ. ಕೇಳಿ ಟೀಚರ ಬಾಯಿಯನ್ನ."

ಸಾಹೇಬರು ಅಕ್ಕೋರ ಕಡೆ ನೋಡಿದರು. ನಾನೂ ನೋಡಿದೆ, ಎರಡೂ ಕಣ್ಣಿನಲ್ಲಿ ಇಡೀ ಮಳೆಗಾಲದ ಟೆಂಪೋ ಬಾಡಿಗೆ ತುಂಬಿಕೊಂಡು.

"ನೆರಳೇನು ಬೇಕಿಲ್ಲ," ಎಂದರು ಅಕ್ಕೋರು ಸಾಹೇಬರಿಗೆ, ಶಾಲೆಯ ದನಿಯಲ್ಲಿ. "ಮಣ್ಣು ಬೇಕು. ಶೆಡ್ಡಿನ ಕೆಳಗೆ ಗಚ್ಚು ಹಾಕಿದ್ದಾರೆ, ಬಿಲ ತೋಡಲಿಕ್ಕೆ ಬರುವುದಿಲ್ಲ." ಆಮೇಲೆ ನನಗೆ ಕನ್ನಡದಲ್ಲಿ, ಮೆಲ್ಲಗೆ: "ಸಿಟ್ಟಾಗಬ್ಯಾಡ್ರಿ ಸಾವಕಾರ್ರ. ಸೈನ್ಸ್ ಕೇಳಿದ್ರ ಸೈನ್ಸ್ ಹೇಳಬೇಕಾಗ್ತದ."

ಈಗ ಕೊನೆಯ ಲೆಕ್ಕ. ಹಳ್ಳ ಉಳಿಯಿತು, ನನ್ನ ಬೆಲ್ಲಕ್ಕೆ ಇವತ್ತಿನ ತನಕ ಒಂದು ಹನಿ ನೀರು ಸೋಕಿಲ್ಲ. ಶೆಡ್ಡು ಹೋಯಿತು, ಅದರ ಗಚ್ಚು ಸಹ ಕಿತ್ತಿಸಿದರು, ಕೂಲಿ ನನ್ನದೇ. ಛೇರ್ಮನ್ನರಿಗೆ ಪಾರ್ಕಿಂಗ್ ಸಿಗಲಿಲ್ಲ, ಕಾರು ಮಾರಿದರು. ಅಕ್ಕೋರ ಅಡಿಗೆಮನೆಗೆ ಮಳೆಗಾಲದಲ್ಲಿ ಮತ್ತೆ ಏಡಿ ಬರುತ್ತವೆ. ಶೆಡ್ಡಿದ್ದ ಜಾಗದ ತುಂಬ ಈಗ ಅವುಗಳ ಬಿಲ. ಧನಕವಡಿಯಲ್ಲಿ ಅಷ್ಟು ಜಾಗ ಕೊಳ್ಳಬೇಕೆಂದರೆ ಇವತ್ತು ಹಿಂಜವಾಡಿಯಲ್ಲಿ ದುಡಿಯುವ ಗಂಡ ಹೆಂಡತಿ ಇಬ್ಬರೂ ಮುದುಕರಾಗುವ ತನಕ ಕಂತು ಕಟ್ಟಬೇಕು. ಏಡಿಗಳಿಗೆ ಅದು ಒಂದು ಬೆರಳು ಕಚ್ಚಿದ್ದಕ್ಕೆ ಸಿಕ್ಕಿತು.